ಪೆಟ್ರೋಲು ಮುಳ್ಳಿನ ಸಾಕ್ಷ್ಯ

ಹಳೆಯ ಮೋಟಾರು ಕಾರುಗಳನ್ನು ಇಟ್ಟುಕೊಂಡಿರುವವರು ಪೆಟ್ರೋಲು ಮಾಪಕದ ವಿಚಾರವಾಗಿ ಆಡುವ ಮಾತುಗಳು ವಿಚಿತ್ರವಾಗಿರುತ್ತವೆ. ಒಬ್ಬರ ಕಾರಿನಲ್ಲಿ ಮುಳ್ಳು ಕಾಲು ತೊಟ್ಟಿಯೆಂದು ತೋರಿಸುತ್ತಿರುವಾಗಲೇ ಎಂಜಿನು ನಿಂತುಬಿಡುತ್ತದೆ. ಇನ್ನೊಬ್ಬರದರಲ್ಲಿ ಮುಳ್ಳು ಖಾಲಿಗೆ ಇಳಿದ ಮೇಲೂ ಗಾಡಿ ಬಹುದೂರ ಓಡುತ್ತದೆ. ಮತ್ತೊಬ್ಬರ ಮುಳ್ಳು ಅರ್ಧಕ್ಕೆ ಬಂದಾಗಲೆಲ್ಲ ನಡುಗಿ ಕುಣಿದಾಡುತ್ತದೆ. ಒಂದೇ ಕೆಲಸಕ್ಕಾಗಿ ನಿರ್ಮಿತವಾದ ಉಪಕರಣಗಳು ಹೀಗೆ ಬಗೆಬಗೆಯಾಗಿ ತಪ್ಪುವುದೇಕೆ? ಈ ತಪ್ಪುಗಳಲ್ಲಿಯೂ ಏನಾದರೊಂದು ನಿಯಮವುಂಟೆ?

ಉಂಟು. ಅದನ್ನು ಅರಿಯಬೇಕಾದರೆ ಮೊದಲು ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕು. ಪೆಟ್ರೋಲು ಮಾಪಕವು ಪೆಟ್ರೋಲನ್ನು ಅಳೆಯುವುದೇ ಇಲ್ಲ!

ಕೋಲಿನಿಂದ ಮುಳ್ಳಿಗೆ

1908ರಿಂದ 1927ರವರೆಗೆ ತಯಾರಾದ ಫೋರ್ಡ್ ಕಂಪೆನಿಯ ಪ್ರಸಿದ್ಧ ‘ಮಾಡೆಲ್ ಟಿ’ ಕಾರಿನಲ್ಲಿ ಇಂತಹ ಮಾಪಕವಿರಲಿಲ್ಲ. ಅದರ ತೊಟ್ಟಿಯು ಸಾಮಾನ್ಯವಾಗಿ ಮುಂದಿನ ಆಸನದ ಕೆಳಗಿರುತ್ತಿತ್ತು. ಚಾಲಕನು ಆಸನವನ್ನೆತ್ತಿ, ಮುಚ್ಚಳವನ್ನು ತೆರೆದು, ಅಳತೆಯ ಕೋಲನ್ನು ಇಳಿಬಿಟ್ಟು, ಅದು ಎಲ್ಲಿಯವರೆಗೆ ಒದ್ದೆಯಾಗಿದೆಯೆಂದು ನೋಡುತ್ತಿದ್ದನು. ಮುಂದೆ ಬಂದ ‘ಮಾಡೆಲ್ ಎ’ ಕಾರಿನಲ್ಲಿ ತೊಟ್ಟಿಯು ಚಾಲಕನ ಎದುರಿಗೇ, ಗಾಳಿಗಾಜಿನ ಕೆಳಗೆ ಇದ್ದುದರಿಂದ, ತೇಲುವ ಬುಂಡೆಯೊಂದು ವಿದ್ಯುತ್ತಿನ ನೆರವಿಲ್ಲದೆ ನೇರವಾಗಿ ಅಂಕಿಗಳನ್ನು ತಿರುಗಿಸುತ್ತಿತ್ತು. 1950ರ ದಶಕದ ವೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿಯೂ ಮಾಪಕವಿರಲಿಲ್ಲ. ಎಂಜಿನು ತಡವರಿಸಿದಾಗ ಚಾಲಕನು ಒಂದು ಕೀಲನ್ನು ತಿರುಗಿಸಿ, ಮೀಸಲಾಗಿ ಉಳಿದಿದ್ದ ಪೆಟ್ರೋಲನ್ನು ಬಳಸಿಕೊಳ್ಳುತ್ತಿದ್ದನು.

ತೊಟ್ಟಿಯು ಕಾರಿನ ಹಿಂಭಾಗಕ್ಕೆ ಸರಿದಾಗ, ಅಲ್ಲಿನ ಸುದ್ದಿಯನ್ನು ಚಾಲಕನ ಕಣ್ಣ ಮುಂದಕ್ಕೆ ತರುವ ಕೆಲಸ ವಿದ್ಯುತ್ತಿನ ಪಾಲಿಗೆ ಬಂದಿತು.

ಹಲವು ಕೈ ದಾಟುವ ಸುದ್ದಿ

ತೊಟ್ಟಿಯೊಳಗೆ ಒಂದು ಟೊಳ್ಳಾದ ಬುಂಡೆ ಪೆಟ್ರೋಲಿನ ಮೇಲೆ ತೇಲುತ್ತಿರುತ್ತದೆ. ಅದನ್ನು ಹೊತ್ತ ತೋಳು ಏರಿಳಿದಂತೆ, ಸುರುಳಿ ಸುತ್ತಿದ ರೋಧತಂತಿಯ ಮೇಲೆ ಒಂದು ಲೋಹದ ನಾಲಗೆ ಜಾರುತ್ತದೆ. ಇದರಿಂದ ವಿದ್ಯುನ್ಮಂಡಲದ ರೋಧವು ಹೆಚ್ಚು ಕಡಿಮೆಯಾಗಿ, ಪ್ರವಾಹವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಅನೇಕ ಹಳೆಯ ಕಾರುಗಳಲ್ಲಿ ಈ ಪ್ರವಾಹವು ಮಾಪಕದೊಳಗಿನ ದ್ವಿಲೋಹ ಪಟ್ಟಿಯೊಂದನ್ನು ಕಾಯಿಸುತ್ತದೆ. ಎರಡು ಲೋಹಗಳು ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುದರಿಂದ ಪಟ್ಟಿ ಬಾಗುತ್ತದೆ; ಪಟ್ಟಿ ಬಾಗಿದಂತೆ ಮುಳ್ಳು ಸರಿಯುತ್ತದೆ. ಕೀಲಿ ತಿರುಗಿಸಿದೊಡನೆ ಮುಳ್ಳು ಮೆಲ್ಲಮೆಲ್ಲನೆ ಏಳುವುದಕ್ಕೆ ಕಾರಣವಿದೇ. ಪಟ್ಟಿ ಕಾಯಲು ಸಮಯ ಬೇಕು. ಈ ನಿಧಾನವು ಗುಣವೂ ಹೌದು; ಪೆಟ್ರೋಲು ತುಳುಕಿದಾಗಲೆಲ್ಲ ಮುಳ್ಳು ಕುಪ್ಪಳಿಸುವುದಿಲ್ಲ.

ಹೀಗೆ ಮಟ್ಟವು ಕೋನವಾಗಿ, ಕೋನವು ರೋಧವಾಗಿ, ರೋಧವು ಪ್ರವಾಹವಾಗಿ, ಪ್ರವಾಹವು ಶಾಖವಾಗಿ, ಶಾಖವು ಮುಳ್ಳಿನ ಚಲನೆಯಾಗಿ ಮಾರ್ಪಡುತ್ತದೆ. ಬಾಯಿಂದ ಬಾಯಿಗೆ ಹೋಗುವ ಸುದ್ದಿಯಂತೆ ಇದೂ ಪ್ರತಿಯೊಂದು ಘಟ್ಟದಲ್ಲಿ ಕೆಡಬಹುದು.

ದೋಷವಿಲ್ಲದ ತಪ್ಪು

ಎಲ್ಲ ಭಾಗಗಳೂ ಸುಸ್ಥಿತಿಯಲ್ಲಿದ್ದರೂ ತಪ್ಪು ಸಂಭವಿಸಬಹುದು. ಅಡ್ಡಲಾಗಿ ಮಲಗಿಸಿದ ಒಂದು ಸಿಲಿಂಡರಿನ ಆಕಾರದ ತೊಟ್ಟಿಯನ್ನು ಊಹಿಸಿಕೊಳ್ಳಿ. ಅದರಲ್ಲಿ ಪೆಟ್ರೋಲು ಅರ್ಧ ಎತ್ತರಕ್ಕೆ ನಿಂತರೆ ಅರ್ಧದಷ್ಟೇ ಇರುತ್ತದೆ. ಆದರೆ ಕಾಲು ಎತ್ತರಕ್ಕೆ ನಿಂತಾಗ ಇರುವುದು ಕಾಲು ಭಾಗವಲ್ಲ. ನೂರಕ್ಕೆ 20ಕ್ಕಿಂತ ತುಸು ಕಡಿಮೆ. ಬುಂಡೆಗೆ ತಿಳಿಯುವುದು ಎತ್ತರವೇ ಹೊರತು ಗಾತ್ರವಲ್ಲ. ಇದಲ್ಲದೆ ತೊಟ್ಟಿ ತುಂಬುವ ಮೊದಲೇ ತೋಳು ತನ್ನ ಮೇಲಿನ ಮಿತಿಯನ್ನು ಮುಟ್ಟುವ ಕಾರುಗಳಲ್ಲಿ, ಮೊದಲ ಕೆಲವು ಲೀಟರು ಖರ್ಚಾದರೂ ಮುಳ್ಳು ‘ಪೂರ್ಣ’ದಿಂದ ಕದಲುವುದಿಲ್ಲ. ಮೊದಲರ್ಧ ಬಹುಕಾಲ ಬರುತ್ತದೆ, ಉಳಿದರ್ಧ ಬೇಗ ಮುಗಿಯುತ್ತದೆ ಎಂಬ ದೂರಿಗೆ ಇದೊಂದು ಕಾರಣ.

ಇನ್ನು ಇಳಿಜಾರಿನ ಪ್ರಭಾವ. ಬುಂಡೆಯು ತೊಟ್ಟಿಯ ನಡುವಿನಿಂದ 40 ಸೆಂಟಿಮೀಟರು ಹಿಂದಕ್ಕಿದೆಯೆನ್ನೋಣ. ಹತ್ತಕ್ಕೆ ಒಂದರ ಏರಿನಲ್ಲಿ ಅದಿರುವ ಕಡೆ ಪೆಟ್ರೋಲಿನ ಮಟ್ಟ 4 ಸೆಂಟಿಮೀಟರು ಏರುತ್ತದೆ. ತೊಟ್ಟಿಯ ಆಳ 20 ಸೆಂಟಿಮೀಟರಾದರೆ, ಒಂದು ತೊಟ್ಟೂ ಹಾಕದೆ ಐದನೆಯ ಒಂದು ಪಾಲು ಹೆಚ್ಚಿದಂತೆ ತೋರುವುದು. ಇಳಿಯುವಾಗ ಇದರ ವಿಪರೀತ.

ಒಂದೇ ತುಕ್ಕು, ಎರಡು ಸುಳ್ಳು

ಹಳೆಯ ಕಾರಿನ ನಿಜವಾದ ಶತ್ರು ತುಕ್ಕು. ಮಾಪಕದ ಪ್ರವಾಹವು ತಂತಿಯ ಮೂಲಕ ತೊಟ್ಟಿಗೆ ಹೋಗಿ, ಅಲ್ಲಿಂದ ಕಾರಿನ ಉಕ್ಕಿನ ಮೈಯ ಮೂಲಕವೇ ಬ್ಯಾಟರಿಗೆ ಹಿಂದಿರುಗುತ್ತದೆ. ತೊಟ್ಟಿಯೂ ಕಾರಿನ ಮೈಯೂ ಕೂಡುವೆಡೆಯಲ್ಲಿ ತುಕ್ಕು ಹಿಡಿದರೆ, ವಿನ್ಯಾಸದಲ್ಲಿಲ್ಲದ ಹೊಸದೊಂದು ರೋಧ ಸೇರಿಕೊಳ್ಳುತ್ತದೆ. ಇದರ ಫಲವೇನು? ಅದು ತಯಾರಕರು ಆರಿಸಿಕೊಂಡ ಕ್ರಮವನ್ನು ಅವಲಂಬಿಸಿದೆ.

ಹಿಂದಿನ ಅನೇಕ ಫೋರ್ಡ್ ಕಾರುಗಳಲ್ಲಿ ತೊಟ್ಟಿ ತುಂಬಿದಾಗ ರೋಧ ಸುಮಾರು 10 ಓಮ್, ಬರಿದಾದಾಗ ಸುಮಾರು 73 ಓಮ್. ಇಲ್ಲಿ ತುಕ್ಕು 20 ಓಮ್ ಸೇರಿಸಿದರೆ, ತುಂಬಿದ ತೊಟ್ಟಿಯೂ ತುಂಬಿಲ್ಲವೆಂದು ತೋರುತ್ತದೆ. ತಂತಿಯೇ ಕಡಿದುಹೋದರೆ ಮುಳ್ಳು ಖಾಲಿಯಲ್ಲಿ ನಿಲ್ಲುತ್ತದೆ. ಚಾಲಕನಿಗೆ ಆತಂಕವಾದೀತು, ಅಪಾಯವಾಗದು.

1960ರ ದಶಕದ ನಡುವಿನಿಂದ ಬಂದ ಅನೇಕ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಕ್ರಮವು ತಿರುವುಮುರುವು. ಖಾಲಿಗೆ ಸೊನ್ನೆ ಓಮ್, ಪೂರ್ಣಕ್ಕೆ 90 ಓಮ್. ಇಲ್ಲಿ ಅದೇ 20 ಓಮ್ ತುಕ್ಕು ಸೇರಿದರೆ, ಪೂರಾ ಬರಿದಾದ ತೊಟ್ಟಿಯಲ್ಲಿ ಸುಮಾರು ಕಾಲು ಭಾಗ ಉಳಿದಿದೆಯೆಂದು ಮುಳ್ಳು ಭರವಸೆ ಕೊಡುತ್ತದೆ. ತಂತಿ ಕಡಿದರಂತೂ ಅದು ‘ಪೂರ್ಣ’ವನ್ನೂ ಮೀರಿ ನಿಲ್ಲುತ್ತದೆ. ಇರುಳಿನಲ್ಲಿ, ಊರಿಲ್ಲದ ಹಾದಿಯಲ್ಲಿ, ಸಂಸಾರ ಸಮೇತ ಹೊರಟವನಿಗೆ ಇಂತಹ ಭರವಸೆಗಿಂತ ಕೆಟ್ಟ ಸಂಗಾತಿ ಬೇರೊಂದಿಲ್ಲ. ಹಾಗೆಂದು ಮೊದಲನೆಯ ಕ್ರಮವೇ ಸರ್ವಥಾ ಕ್ಷೇಮವೆನ್ನುವಂತಿಲ್ಲ. ತಂತಿಯ ಹೊದಿಕೆ ಸವೆದು ಅದು ಕಾರಿನ ಮೈಗೆ ತಗುಲಿದರೆ, ಆಗ ಸುಳ್ಳು ಹೇಳುವ ಸರದಿ ಮೊದಲನೆಯದಕ್ಕೇ ಬರುತ್ತದೆ. ಒಂದು ಬಗೆಯ ಮಾಪಕಕ್ಕೆ ಇನ್ನೊಂದು ಬಗೆಯ ರೋಧಕವನ್ನು ಅರಿಯದೆ ಜೋಡಿಸಿದರೆ, ಪೆಟ್ರೋಲು ತೀರಿದಂತೆಲ್ಲ ಮುಳ್ಳು ಮೇಲೇರುವ ವಿನೋದವನ್ನೂ ಕಾಣಬಹುದು.

ಲಕ್ಷಣದಿಂದ ರೋಗ

ಆದಕಾರಣ ಮುಳ್ಳು ತಪ್ಪುತ್ತಿದೆಯೆಂದು ತಿಳಿದರೆ ಸಾಲದು, ಹೇಗೆ ತಪ್ಪುತ್ತಿದೆಯೆಂಬುದನ್ನು ಗಮನಿಸಬೇಕು. ಯಾವಾಗಲೂ ಒಂದೇ ಮಟ್ಟದಲ್ಲಿ ಕುಣಿದರೆ, ಆ ಸ್ಥಳದಲ್ಲಿ ರೋಧತಂತಿ ಸವೆದಿದೆ. ತೊಟ್ಟಿ ತುಂಬಿಸಿದರೂ ಖಾಲಿಯಿಂದೇಳದಿದ್ದರೆ, ಹಿತ್ತಾಳೆಯ ಬುಂಡೆಗೆ ತೂತು ಬಿದ್ದು ಪೆಟ್ರೋಲು ಒಳಹೊಕ್ಕು ಅದು ಮುಳುಗಿರಬಹುದು. ಎಷ್ಟು ಓಡಿಸಿದರೂ ಕದಲದಿದ್ದರೆ ತೋಳು ಸಿಕ್ಕಿಕೊಂಡಿರಬಹುದು.

1960ರ ದಶಕದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಇನ್ನೊಂದು ಪುಟ್ಟ ಉಪಕರಣವುಂಟು. ಬ್ಯಾಟರಿಯ ಒತ್ತಡ ಹೆಚ್ಚು ಕಡಿಮೆಯಾದರೂ ಮಾಪಕಗಳಿಗೆ ಸರಾಸರಿ 10 ವೋಲ್ಟು ಮಾತ್ರ ದೊರೆಯುವಂತೆ, ಅದು ಪ್ರವಾಹವನ್ನು ಬಿಟ್ಟು ಬಿಟ್ಟು ಹರಿಸುತ್ತದೆ. ಅದಕ್ಕೂ ಕಾರಿನ ಮೈಗೂ ಇರುವ ಸಂಪರ್ಕ ಕೆಟ್ಟರೆ ಬ್ಯಾಟರಿಯ ಪೂರ್ಣ ಒತ್ತಡವೇ ಮಾಪಕಗಳಿಗೆ ಬೀಳುತ್ತದೆ. ಆಗ ಪೆಟ್ರೋಲಿನ ಮುಳ್ಳಿನ ಜೊತೆಗೆ, ಅದರಿಂದಲೇ ಪ್ರವಾಹ ಪಡೆಯುವ ಉಷ್ಣತೆಯ ಮುಳ್ಳೂ ಮೇಲೇರುತ್ತದೆ. ಇಬ್ಬರು ಸಾಕ್ಷಿಗಳು ಏಕಕಾಲದಲ್ಲಿ ಒಂದೇ ಕಡೆಗೆ ತಪ್ಪಿದರೆ, ಇಬ್ಬರಿಗೂ ಸಮಾನನಾದ ಮೂರನೆಯವನನ್ನು ಹುಡುಕಬೇಕೆಂಬ ತರ್ಕ ಇಲ್ಲಿಯೂ ಸಲ್ಲುತ್ತದೆ.

ವಿದ್ಯಾರ್ಥಿಗಳಿಗೊಂದು ಪ್ರಯೋಗ

ಕೆಟ್ಟ ಮಾಪಕವನ್ನು ರಿಪೇರಿ ಮಾಡುವುದು ಅನುಭವಿ ಮೆಕ್ಯಾನಿಕನ ಕೆಲಸ. ಪೆಟ್ರೋಲಿನ ಆವಿ ಒಂದು ಕಿಡಿಗೇ ಹೊತ್ತಿಕೊಳ್ಳುವುದರಿಂದ, ತೊಟ್ಟಿಯ ಬಾಯಿಯ ಬಳಿಗೆ ದೀಪವನ್ನಾಗಲಿ ಜೀವಂತ ತಂತಿಯನ್ನಾಗಲಿ ಒಯ್ಯಲೇಬಾರದು. ಆದರೆ ಅದರ ತಪ್ಪನ್ನು ಅಳೆಯುವುದು ಯಾರಿಗಾದರೂ ಸಾಧ್ಯ. ತೊಟ್ಟಿ ಬಹುಮಟ್ಟಿಗೆ ಬರಿದಾದಾಗ, ಪೆಟ್ರೋಲು ಬಂಕಿನ ಸಮತಟ್ಟಾದ ನೆಲದಲ್ಲಿ ಕಾರನ್ನು ನಿಲ್ಲಿಸಿ, 5 ಲೀಟರು ಹಾಕಿಸಿರಿ. ಕಾರನ್ನು ಅಲ್ಲಿಂದ ತುಸು ದೂರಕ್ಕೆ, ಸಮನೆಲಕ್ಕೇ ಸರಿಸಿ, ಕೀಲಿ ತಿರುಗಿಸಿ, ಎರಡು ನಿಮಿಷ ಕಾದು, ಮುಳ್ಳಿನ ಸ್ಥಾನವನ್ನು ಬರೆದುಕೊಳ್ಳಿರಿ. ಮುಂದೆ ಪ್ರತಿ 5 ಲೀಟರಿಗೂ ಹೀಗೆಯೇ ಮಾಡಿರಿ. ಒಂದು ಅಕ್ಷದಲ್ಲಿ ಲೀಟರುಗಳನ್ನೂ ಇನ್ನೊಂದರಲ್ಲಿ ಮುಳ್ಳಿನ ಸ್ಥಾನವನ್ನೂ ಗುರುತಿಸಿದರೆ ಒಂದು ವಕ್ರರೇಖೆ ದೊರೆಯುತ್ತದೆ. ಅದು ನೇರವಾಗಿರದು, ಆದರೆ ಕೆಲವು ತಿಂಗಳು ಬಿಟ್ಟು ಮಾಡಿದ ಎರಡನೆಯ ಪ್ರಯೋಗದಲ್ಲಿಯೂ ಅದೇ ರೇಖೆ ಬಂದರೆ, ಆ ಮಾಪಕವು ನಂಬಲರ್ಹವೇ ಸರಿ. ಯಾವಾಗಲೂ ಒಂದೇ ರೀತಿ ತಪ್ಪುವ ಉಪಕರಣವನ್ನು ತಿದ್ದಿ ಓದಬಹುದು. ಒಂದೊಂದು ಸಲ ಒಂದೊಂದು ಬಗೆಯಾಗಿ ತಪ್ಪುವುದನ್ನು ಓದಲಾಗದು.

ಇದರೊಡನೆ ಓಡಿದ ಕಿಲೋಮೀಟರುಗಳ ಲೆಕ್ಕವನ್ನೂ ಇಟ್ಟರೆ, ತೊಟ್ಟಿಯ ಬುಂಡೆಗಾಗಲಿ ತಂತಿಗಾಗಲಿ ಸಂಬಂಧಪಡದ ಎರಡನೆಯ ಸಾಕ್ಷಿಯೊಂದು ಸಿಕ್ಕಂತಾಗುತ್ತದೆ. ಪ್ರಯೋಗಶಾಲೆಯ ಉಷ್ಣಮಾಪಕವಿರಲಿ, ಆಸ್ಪತ್ರೆಯ ರಕ್ತದೊತ್ತಡದ ಯಂತ್ರವಿರಲಿ, ಮುಳ್ಳನ್ನು ನಂಬುವ ಮುನ್ನ ಕೇಳಬೇಕಾದ ಪ್ರಶ್ನೆಗಳು ಇವೇ: ಅದು ನಿಜವಾಗಿ ಅಳೆಯುತ್ತಿರುವುದೇನನ್ನು? ಕೆಟ್ಟರೆ ಅದು ಯಾವ ಕಡೆಗೆ ತಪ್ಪುತ್ತದೆ?