ಬಾಣಂತಿಯ ಹೊಟ್ಟೆ, ಮನೆಯವರ ಹೊಣೆ

ಹೆರಿಗೆಯ ನಂತರ ಹೊಟ್ಟೆ ಜೋತುಬಿದ್ದ ಹೆಂಗಸನ್ನು ಕಂಡು ‘ಬಟ್ಟೆ ಬಿಗಿಯಾಗಿ ಕಟ್ಟಲಿಲ್ಲ’ವೆಂದು ಹೀಗಳೆಯುವ ರೂಢಿಯು ತುಮಕೂರು ನಗರದಲ್ಲಿಯೂ ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಗಳಲ್ಲಿಯೂ ಇನ್ನೂ ಅಳಿದಿಲ್ಲ. ಇದು ಅನ್ಯಾಯದ ಮಾತು.

ಗರ್ಭವು ಬೆಳೆದಂತೆ ಉದರದ ನಡುವಣ ಸ್ನಾಯುಗಳು ಎಡಬಲಕ್ಕೆ ಸರಿಯುವುದು ಪ್ರಕೃತಿಧರ್ಮ. ಗರ್ಭಕೋಶವು ಕುಗ್ಗಲು ಸುಮಾರು 6 ವಾರಗಳು ಬೇಕು. ಸ್ನಾಯುಗಳು ಕೂಡಿಕೊಳ್ಳಲು ತಿಂಗಳುಗಳೇ ಹಿಡಿಯಬಹುದು. ಬಟ್ಟೆಯು ನಡುವಿಗೆ ಆಸರೆಯಾದೀತು, ಸ್ನಾಯುವಿಗೆ ಬಲ ಕೊಡಲಾರದು. ಮೊಲೆಯೂಡುವ ತಾಯಿಗೆ ಅನ್ನ ನೀರುಗಳನ್ನು ಅಳೆದು ಕೊಡುವುದಂತೂ ಅಪಚಾರ.

ಉಸಿರು ಬಿಡುತ್ತ ಕೆಳಹೊಟ್ಟೆಯನ್ನು ಮೆಲ್ಲನೆ ಒಳಸೆಳೆಯುವ ಅಭ್ಯಾಸವೂ, ದಿನದಿನಕ್ಕೆ ಹೆಚ್ಚುವ ನಡಿಗೆಯೂ ಇದಕ್ಕೆ ತಕ್ಕ ಸಾಧನಗಳು. ಶಸ್ತ್ರಕ್ರಿಯೆಯಿಂದ ಹೆತ್ತವರು ವೈದ್ಯರನ್ನು ಕೇಳಿ ತೊಡಗತಕ್ಕದ್ದು. ಹೊಕ್ಕುಳ ಬಳಿ ಗಂಟು ಉಬ್ಬಿದರೆ ಆಸ್ಪತ್ರೆಯಲ್ಲಿ ತೋರಿಸಲೇಬೇಕು.

ಆದರೆ ತುಂಬಿದ ಕೊಡ ಹೊತ್ತು, ತೆಂಗು ಅಡಕೆಗಳ ತೋಟದ ಕೂಲಿಗೆ ಬೇಗನೆ ಹೊರಡಬೇಕಾದವಳಿಗೆ ಈ ಉಪದೇಶದಿಂದೇನು? 2017ರ ಕಾಯಿದೆಯ ತಿದ್ದುಪಡಿಯು ಸಂಬಳಸಹಿತ ಹೆರಿಗೆ ರಜೆಯನ್ನು 26 ವಾರಗಳಿಗೆ ಏರಿಸಿತು. ಕೂಲಿಯವಳಿಗೆ ಅದು ದಕ್ಕಲಿಲ್ಲ. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ ಕಾರ್ಯಕರ್ತೆಯು 42 ದಿನಗಳೊಳಗೆ 6 ಸಲ ಬರಬೇಕೆಂಬ ನಿಯಮವುಂಟು. ಕೂಸನ್ನು ನೋಡುವಾಗಲೇ ತಾಯಿಯ ಹೊಟ್ಟೆಯನ್ನೂ ವಿಚಾರಿಸಿ ಈ ಅಭ್ಯಾಸವನ್ನು ಕಲಿಸುವಂತೆ ಸರಕಾರವು ಏರ್ಪಾಡು ಮಾಡಲಿ. ಅಷ್ಟು ದಿನ ಕೊಡವನ್ನು ಗಂಡಸರು ಹೊರಲಿ. ಅದರಿಂದ ಅವರ ಮಾನವೇನೂ ಕುಂದದು.