ಮನೆಯಲ್ಲಿಯೇ ಸುಗಂಧ ಸಾರ: ಸೊಗದೆ ಬೇರು ಮತ್ತು ಲಾವಂಚ

ಬೇಸಗೆ ಕಾಲಿಟ್ಟೊಡನೆ ಮಹಾನಗರಗಳ ಅಂಗಡಿಗಳಲ್ಲಿ ಬಣ್ಣಬಣ್ಣದ ಷರಬತ್ತಿನ ಸೀಸೆಗಳು ಸಾಲುಗಟ್ಟಿ ನಿಲ್ಲುತ್ತವೆ. ಅವುಗಳ ನಡುವೆ ‘ಖಸ್’ ಎಂಬ ಹೆಸರಿನ ಹಚ್ಚಹಸಿರು ದ್ರವವೊಂದು ಕಣ್ಸೆಳೆಯುತ್ತದೆ. ಖಸ್ ಎಂದರೆ ಕನ್ನಡಿಗರ ಲಾವಂಚವೇ. ಆದರೆ ಲಾವಂಚದ ಬೇರನ್ನು ನೆನೆಯಿಟ್ಟ ನೀರಿಗೆ ಬರುವುದು ನಸುಗಂದು ಬಣ್ಣ. ಸೀಸೆಯೊಳಗಿನ ಹಸಿರು ಬೇರಿನದಲ್ಲ, ಬೆರೆಸಿದ್ದು. ನಿಜವಾದ ಸಾರವನ್ನು ಮನೆಯಲ್ಲಿಯೇ ತೆಗೆಯುವುದು ಕಷ್ಟವೇನೂ ಅಲ್ಲ. ಅದರ ಹಿಂದಿರುವ ಎರಡು ಮೂರು ತತ್ತ್ವಗಳನ್ನು ತಿಳಿದಿದ್ದರೆ ಸಾಕು.

ಹೆಸರು ಹಲವು, ಬೇರು ಒಂದೇ

ಪರಊರಿನ ಗ್ರಂಧಿಗೆ ಅಂಗಡಿಯಲ್ಲಿ ಕನ್ನಡದ ಹೆಸರು ಹೇಳಿದರೆ ಬೇರು ಸಿಗದಿರಬಹುದು. ಲಾವಂಚಕ್ಕೆ ಚೆನ್ನೈಯಲ್ಲಿ ವೆಟ್ಟಿವೇರ್, ಹೈದರಾಬಾದಿನಲ್ಲಿ ವಟ್ಟಿವೇರು, ಮುಂಬಯಿ ಪುಣೆಗಳಲ್ಲಿ ವಾಳಾ, ದೆಹಲಿಯಲ್ಲಿ ಖಸ್ ಎನ್ನುತ್ತಾರೆ. ಸೊಗದೆ ಬೇರು ತಮಿಳಿನಲ್ಲಿ ನನ್ನಾರಿ, ತೆಲುಗಿನಲ್ಲಿ ಸುಗಂಧಿಪಾಲ, ಮರಾಠಿ ಹಿಂದಿಗಳಲ್ಲಿ ಅನಂತಮೂಲ. ಪುಡಿಯನ್ನು ಕೊಳ್ಳದೆ ಇಡೀ ಬೇರನ್ನೇ ಕೊಳ್ಳುವುದು ಕ್ಷೇಮ. ಸೊಗದೆ ಬೇರು ತೆಳ್ಳಗಿದ್ದು, ಅದರ ಕಂದು ತೊಗಟೆಯಲ್ಲಿ ಅಡ್ಡ ಬಿರುಕುಗಳಿರುತ್ತವೆ. ಉಪ್ಪಿನಕಾಯಿಗೆ ಬಳಸುವ ಮಾಕಳಿ ಬೇರಿಗೂ ಇಂಥದೇ ಪರಿಮಳವಿದೆಯಾದರೂ ಅದು ದಪ್ಪ, ಮಾಂಸಲ. ಇವೆರಡರ ಪರಿಮಳಕ್ಕೂ ಮುಖ್ಯ ಕಾರಣ ಒಂದೇ ರಾಸಾಯನಿಕ ವಸ್ತು. ವೆನಿಲ್ಲಾದ ಸುವಾಸನೆಗೆ ಕಾರಣವಾದ ವೆನಿಲಿನ್‌ನಲ್ಲಿರುವಷ್ಟೇ ಪರಮಾಣುಗಳು ಅದರಲ್ಲಿಯೂ ಇವೆ. ಜೋಡಣೆಯೊಂದು ಮಾತ್ರ ಬೇರೆ.

ಹಿಮ, ಫಾಂಟ, ಕ್ವಾಥ

ಪರಿಮಳ ಆವಿಯಾಗಿ ಹಾರಿಹೋಗುವ ಗುಣವುಳ್ಳದ್ದು. ಬೇರನ್ನು ಬಹಳ ಹೊತ್ತು ಕುದಿಸಿದರೆ ಅಡಿಗೆಮನೆಯೆಲ್ಲ ಘಮಘಮಿಸುತ್ತದೆ, ಪಾತ್ರೆಯಲ್ಲಿ ಕಹಿಯೊಗರು ಉಳಿಯುತ್ತದೆ. ಆಯುರ್ವೇದದಲ್ಲಿ ಇದಕ್ಕೆ ತಕ್ಕ ವಿಭಾಗವೇ ಇದೆ. ಶಾರ್ಙ್ಗಧರ ಸಂಹಿತೆಯ ಪ್ರಕಾರ ಒಂದು ಪಾಲು ದ್ರವ್ಯವನ್ನು ಆರು ಪಾಲು ತಣ್ಣೀರಿನಲ್ಲಿ ರಾತ್ರಿಯಿಡೀ ನೆನೆಯಿಟ್ಟು ಸೋಸಿದರೆ ಅದು ಹಿಮ. ನಾಲ್ಕು ಪಾಲು ಬಿಸಿನೀರಿನಲ್ಲಿ ಹಾಕಿ ಸೋಸಿದರೆ ಫಾಂಟ. ಹದಿನಾರು ಪಾಲು ನೀರಿನಲ್ಲಿ ಕುದಿಸಿ ಎಂಟನೆಯ ಒಂದು ಭಾಗಕ್ಕೆ ಇಳಿಸಿದರೆ ಕ್ವಾಥ, ಅಂದರೆ ಕಷಾಯ. ಸುವಾಸನೆಯೇ ಗುರಿಯಾದಾಗ ಮೊದಲ ಎರಡು ಕ್ರಮಗಳೇ ಯೋಗ್ಯ.

ತಯಾರಿಸುವ ವಿಧಾನ

100 ಗ್ರಾಂ ಸೊಗದೆ ಬೇರನ್ನು ಮಣ್ಣು ಹೋಗುವಂತೆ ಮೂರು ನಾಲ್ಕು ಸಲ ತೊಳೆದು ಜಜ್ಜಬೇಕು. ಪರಿಮಳವಿರುವುದು ಬಹುಮಟ್ಟಿಗೆ ತೊಗಟೆಯಲ್ಲಿ. ಒಳಗಿನ ಕಟ್ಟಿಗೆಯಂಥ ನಾರನ್ನು ತೆಗೆದುಹಾಕಬಹುದು. 600 ಮಿಲಿಲೀಟರ್ ನೀರನ್ನು ಕುದಿಸಿ, ಒಲೆಯಿಂದಿಳಿಸಿ, ಬೇರಿನ ಮೇಲೆ ಸುರಿದು, ಬಿಗಿಯಾಗಿ ಮುಚ್ಚಿ ರಾತ್ರಿಯಿಡೀ ಬಿಡಬೇಕು. ಮರುದಿನ ಬಟ್ಟೆಯಲ್ಲಿ ಸೋಸಿ, ಸಾರವನ್ನು ತೂಗಿ, ಅದರ ಎರಡರಷ್ಟು ತೂಕದ ಸಕ್ಕರೆ ಬೆರೆಸಬೇಕು. ಮುಚ್ಚಿದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲೆ ಕರಗಿಸಿ, ಒಂದು ಕುದಿ ಬಂದೊಡನೆ ಇಳಿಸಬೇಕು. ಕೆಲವು ಹನಿ ನಿಂಬೆರಸ ಹಿಂಡಿದರೆ ಸಕ್ಕರೆ ಹರಳುಗಟ್ಟುವುದು ಕಡಿಮೆ. ಲಾವಂಚದ ಸಾರಕ್ಕೂ ಇದೇ ಕ್ರಮ. ಬೇರನ್ನು ಜಜ್ಜುವ ಬದಲು ಸಣ್ಣಗೆ ಕತ್ತರಿಸಿದರಾಯಿತು.

ಸಕ್ಕರೆಯ ಎರಡು ಮುಖ

ಇಷ್ಟೊಂದು ಸಕ್ಕರೆ ಏಕೆ? ಮೂರರಲ್ಲಿ ಎರಡು ಪಾಲು ಸಕ್ಕರೆಯಿರುವ ಪಾಕದಲ್ಲಿ ಸೂಕ್ಷ್ಮಜೀವಿಗಳಿಗೆ ಬೆಳೆಯಲು ಬೇಕಾದ ನೀರು ದೊರೆಯುವುದಿಲ್ಲ. ಸಿಹಿ ಹೆಚ್ಚಾಯಿತೆಂದು ಸಕ್ಕರೆಯನ್ನು ಅರ್ಧಕ್ಕಿಳಿಸಿದರೆ ಸಾರ ಹುಳಿಯಾಗುತ್ತದೆ, ಬೂಷ್ಟು ಹಿಡಿಯುತ್ತದೆ. ಬಿಸಿಯಿರುವಾಗಲೇ ಸೀಸೆಗೆ ತುಂಬಿದರೆ ಆವಿ ಹನಿಗೂಡಿ ಮೇಲ್ಪದರವನ್ನು ತೆಳುವಾಗಿಸುತ್ತದೆ. ಬೂಷ್ಟು ಹುಟ್ಟುವುದು ಅಲ್ಲಿಯೇ. ಆದುದರಿಂದ ಮುಚ್ಚಿಟ್ಟು ತಣಿಸಿ, ಕುದಿನೀರಿನಲ್ಲಿ ತೊಳೆದು ಒಣಗಿಸಿದ ಗಾಜಿನ ಸೀಸೆಗೆ ತುಂಬಿ, ರೆಫ್ರಿಜರೇಟರಿನಲ್ಲಿಡಬೇಕು. ಒದ್ದೆ ಚಮಚವನ್ನು ಅದ್ದಬಾರದು. ಬೂಷ್ಟು ಕಂಡರೆ ಮೇಲಿನದನ್ನು ಕೆನೆಯಂತೆ ತೆಗೆದು ಬಳಸದೆ ಎಲ್ಲವನ್ನೂ ಚೆಲ್ಲಬೇಕು.

ಸಾರವನ್ನು ಕಾಪಾಡುವ ಸಕ್ಕರೆ ಕುಡಿಯುವವನನ್ನು ಕಾಪಾಡುವುದಿಲ್ಲ. 30 ಮಿಲಿಲೀಟರ್, ಅಂದರೆ ಎರಡು ದೊಡ್ಡ ಚಮಚ ಪಾಕದಲ್ಲಿ ಸುಮಾರು 26 ಗ್ರಾಂ ಸಕ್ಕರೆ ಇರುತ್ತದೆ. ಬೆರೆಸಿದ ಸಕ್ಕರೆಯೇ ಮೊದಲಾದವು ದಿನಕ್ಕೆ ಸುಮಾರು 25 ಗ್ರಾಂ ಮೀರದಿದ್ದರೆ ಹೆಚ್ಚು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿದೆ. ‘ಬೇರಿನ ಷರಬತ್ತು, ದೇಹಕ್ಕೆ ತಂಪು’ ಎಂದು ದಿನಕ್ಕೆ ಮೂರು ಲೋಟ ಕುಡಿಯುವುದು ಆರೋಗ್ಯಸಾಧನವಾಗಲಾರದು. ಬೆಲ್ಲ ಹಾಕಿದರೂ ಲೆಕ್ಕ ಬದಲಾಗದು.

ಮಧುಮೇಹಿಗಳಿಗೂ, ದಿನನಿತ್ಯ ಕುಡಿಯಬಯಸುವವರಿಗೂ ಸಕ್ಕರೆಯಿಲ್ಲದ ದಾರಿಯಿದೆ. ಕುದಿಸಿ ಆರಿಸಿದ ಒಂದು ಲೀಟರ್ ನೀರಿನಲ್ಲಿ ಚೆನ್ನಾಗಿ ತೊಳೆದ ಒಂದು ಹಿಡಿ ಲಾವಂಚವನ್ನು ರಾತ್ರಿ ರೆಫ್ರಿಜರೇಟರಿನಲ್ಲಿ ನೆನೆಯಿಟ್ಟು, ಬೆಳಿಗ್ಗೆ ಸೋಸಿ, ನಿಂಬೆರಸ ಹಿಂಡಿ ಆ ದಿನವೇ ಮುಗಿಸಬೇಕು. ಇದಕ್ಕೆ ಕಾಪಾಡುವ ಸಕ್ಕರೆಯಿಲ್ಲದ್ದರಿಂದ ಮರುದಿನಕ್ಕೆ ಉಳಿಸಬಾರದು. ಗರ್ಭಿಣಿಯರೂ, ನಿತ್ಯ ಔಷಧಿ ಸೇವಿಸುವವರೂ ಸೊಗದೆ ಬೇರಿನ ಸಾರವನ್ನು ರೂಢಿಮಾಡಿಕೊಳ್ಳುವ ಮುನ್ನ ವೈದ್ಯರನ್ನು ಕೇಳುವುದು ಲೇಸು. ಬೇರಿನ ಸಾರ ಬಾಯಿಗೆ ರುಚಿ, ಮನಸ್ಸಿಗೆ ಹಿತ. ಅದನ್ನು ಔಷಧವೆಂದು ಭಾವಿಸಿ ಚಿಕಿತ್ಸೆಯನ್ನು ಬಿಡಲಾಗದು.