ಅಂಕಿತವಿಲ್ಲದ ಹಳೆಯ ಬಂದೂಕಿನ ನಳಿಗೆಯ ಅಳತೆ

ಸಂತೆಮರಹಳ್ಳಿಯಂತಹ ಊರಿನ ಹಳೆಯ ಮನೆಯೊಂದರ ಅಟ್ಟದಲ್ಲಿ ಅಂಕಿತವಿಲ್ಲದ ಬಂದೂಕು ದೊರೆತರೆ, ಅದು ಟಿಪ್ಪುವಿನ ಕಾಲದ್ದೆಂದು ಹೇಳಿಬಿಡುವುದು ಸುಲಭ. ಇತಿಹಾಸದ ಅಭ್ಯಾಸಿಗಳಾದ ನಾವು ಮೊದಲು ನಳಿಗೆಯನ್ನು ಅಳೆಯಬೇಕು. ಒಳಗೆ ಹಳೆಯ ಮದ್ದು ಉಳಿದಿರಬಹುದಾದುದರಿಂದ, ಬಲ್ಲವರು ಪರೀಕ್ಷಿಸಿ ಬರಿದೆಂದು ಖಚಿತಪಡಿಸುವವರೆಗೆ ಅದನ್ನು ಮುಟ್ಟಲಾಗದು.

ನಳಿಗೆಯೊಳಗೆ ಸುರುಳಿಗೀರುಗಳಿದ್ದರೆ, ಗೀರುಗಳ ತಳವನ್ನು ಬಿಟ್ಟು ಅವುಗಳ ನಡುವಣ ಏಣುಗಳನ್ನು ಮುಟ್ಟುವ ವೃತ್ತದ ವ್ಯಾಸವನ್ನೇ ಹಿಡಿಯತಕ್ಕದ್ದು. ಸವೆದ ಬಾಯಿ ಹೆಚ್ಚಿನ ಅಳತೆ ತೋರುವುದೆಂಬುದನ್ನು ಮರೆಯಬಾರದು. ಸುಮಾರು 19 ಮಿಲಿಮೀಟರಿನ ನುಣುಪು ನಳಿಗೆಗೆ ಚಕಮಕಿಯ ಕೀಲಿದ್ದರೆ, ಅದು 18ನೆಯ ಶತಮಾನದ ಬ್ರಿಟಿಷ್ ಮಸ್ಕೆಟ್ಟಿನ ಅಳತೆಗೆ ಹೊಂದುತ್ತದೆ. ಗೀರುಗಳುಳ್ಳ 14.7 ಮಿಲಿಮೀಟರು 1853ರ ಎನ್‌ಫೀಲ್ಡ್ ಮಾದರಿಯನ್ನೂ, 11.4 ಮಿಲಿಮೀಟರು 1871ರ ಮಾರ್ಟಿನಿ-ಹೆನ್ರಿಯನ್ನೂ, 7.7 ಮಿಲಿಮೀಟರು 1895ರ ಲೀ-ಎನ್‌ಫೀಲ್ಡನ್ನೂ ಸೂಚಿಸುತ್ತವೆ.

ನೋಟಕ್ಕೆ ಎನ್‌ಫೀಲ್ಡಿನಂತಿದ್ದು, ಗೀರಿಲ್ಲದೆ 16.7 ಮಿಲಿಮೀಟರು ಬಂದರೆ ವಿಶೇಷ ಗಮನ ಬೇಕು. 1857ರ ದಂಗೆಯ ಬಳಿಕ ಭಾರತೀಯ ಸಿಪಾಯಿಗಳಿಗೆಂದೇ ಆಂಗ್ಲರು ಇಂತಹ ನುಣುಪು ನಳಿಗೆಯ, ದೂರದ ಗುರಿಗೆ ಒದಗದ ಬಂದೂಕುಗಳನ್ನು ಮಾಡಿಸಿದರು. ಆಳುವವರ ಅಪನಂಬಿಕೆಯೇ ಇಲ್ಲಿ ಮಿಲಿಮೀಟರುಗಳಲ್ಲಿ ಉಳಿದಿದೆ.

ಆದರೂ ಸ್ಥಳೀಯ ಕಮ್ಮಾರರು ನಕಲು ಮಾಡುತ್ತಿದ್ದುದರಿಂದ, ಕೀಲು, ಮರದ ಹಿಡಿ, ಮನೆತನದ ಕಾಗದಪತ್ರಗಳೊಡನೆ ಹೋಲಿಸಿದ ಮೇಲೆಯೇ ಕಾಲನಿರ್ಣಯ ಮಾಡುವುದು ಯುಕ್ತ.